ಕಾಡುಕುದುರೆಯ ದತ್ತು: ಹಕ್ಕುಪತ್ರಕ್ಕೆ ಒಂದು ವರ್ಷ ಕಾಯಬೇಕು



ಹೊಸೂರಿನ ನಮ್ಮ ಹಿರಿಯ ಸದಸ್ಯರೊಬ್ಬರ ಮಗಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಊರ ಹೊರಗೆ ಸ್ವಲ್ಪ ಜಾಗ ಕೊಂಡಿರುವ ಆಕೆ, ಸರಕಾರದಿಂದ ಕಾಡುಕುದುರೆಯೊಂದನ್ನು ದತ್ತು ಪಡೆಯುವ ಯೋಚನೆಯಲ್ಲಿದ್ದಾರಂತೆ. "ಕುದುರೆಯನ್ನು ದತ್ತು ಕೊಡುವುದು ಅಂದರೇನು ಸಾರ್?" ಎಂದು ಅವರು ಕೇಳಿದರು. ನಮ್ಮ ಅನೇಕರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿರುವುದರಿಂದ ಎಲ್ಲರಿಗೂ ತಿಳಿಯಲೆಂದು ಇಲ್ಲಿ ವಿವರಿಸುತ್ತಿದ್ದೇನೆ.

ಮೈಸೂರು ಮೃಗಾಲಯದಲ್ಲೂ ಪ್ರಾಣಿಗಳನ್ನು ದತ್ತು ಪಡೆಯಬಹುದು. ಅಲ್ಲಿ ನಾವು ಪಾಲನೆಯ ವೆಚ್ಚ ಕಟ್ಟುತ್ತೇವೆ, ಪ್ರಾಣಿ ಮೃಗಾಲಯದಲ್ಲೇ ಇರುತ್ತದೆ. ಅಮೆರಿಕದ ಕ್ರಮದಲ್ಲಿ ಕುದುರೆ ಮನೆಗೇ ಬರುತ್ತದೆ. ಅದರ ಹೊಣೆಯೂ ಪೂರ್ತಿ ನಮ್ಮದೇ.

ಅಲ್ಲಿನ ಪಶ್ಚಿಮ ರಾಜ್ಯಗಳಲ್ಲಿ ತಿರುಗುವ ಈ ಕುದುರೆಗಳಿಗೆ ಮಸ್ಟ್ಯಾಂಗ್ ಎಂದು ಹೆಸರು. ಹಿಂದೆ ಸ್ಪೇನಿನವರು ತಂದ ಕುದುರೆಗಳು, ಆಮೇಲೆ ಬಂದ ರೈತರು, ಸೈನಿಕರು ಕಳೆದುಕೊಂಡ ಅಥವಾ ಬಿಟ್ಟುಬಿಟ್ಟ ಕುದುರೆಗಳು, ಇವುಗಳ ಸಂತತಿ ಇವು. ಒಂದು ಕಾಲದಲ್ಲಿ ಇವನ್ನು ಹಿಡಿದು ಕಸಾಯಿಖಾನೆಗೆ ಮಾರುತ್ತಿದ್ದರು. 1950ರಲ್ಲಿ ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಮಹಿಳೆ ಕೆಲಸಕ್ಕೆ ಹೋಗುವಾಗ, ಕುದುರೆ ತುಂಬಿದ್ದ ಲಾರಿಯೊಂದರಿಂದ ರಕ್ತ ಸೋರುತ್ತಿದ್ದುದನ್ನು ಕಂಡರು. ವಿಮಾ ಕಚೇರಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದ ಆಕೆ ಅಂದಿನಿಂದ ಪತ್ರ ಬರೆಯಲು ಕೂತರು. ಶಾಲಾ ಮಕ್ಕಳಿಂದಲೂ ಸರಕಾರಕ್ಕೆ ಪತ್ರ ಬರೆಸಿದರು. ಮೋಟಾರು ವಾಹನಗಳಲ್ಲಿ ಅಟ್ಟಿ ಹಿಡಿಯುವುದನ್ನು ನಿಷೇಧಿಸುವ ಕಾನೂನು 1959ರಲ್ಲಿ, ಪೂರ್ಣ ರಕ್ಷಣೆಯ ಕಾನೂನು 1971ರಲ್ಲಿ ಬಂದವು.

ರಕ್ಷಣೆ ಸಿಕ್ಕಿದ ಮೇಲೆ ಸಂಖ್ಯೆ ಏರತೊಡಗಿತು. ಹುಲ್ಲುಗಾವಲು ತಾಳಬಲ್ಲದ್ದು ಸುಮಾರು 26 ಸಾವಿರ ಎಂಬುದು ಅಲ್ಲಿನ ಭೂ ನಿರ್ವಹಣಾ ಇಲಾಖೆಯ ಲೆಕ್ಕ. 2024ರ ಮಾರ್ಚಿನಲ್ಲಿ ಕುದುರೆ, ಕತ್ತೆ ಎರಡೂ ಸೇರಿ ಇದ್ದದ್ದು ಸುಮಾರು 73 ಸಾವಿರ. ಈ ಲೆಕ್ಕವನ್ನು ಒಪ್ಪದ ಪ್ರಾಣಿಪ್ರಿಯರೂ ಇದ್ದಾರೆ. ಆ ಮೇವನ್ನು ದನಗಳಿಗೂ ಬಿಟ್ಟಿದ್ದೀರಲ್ಲ ಎಂಬುದು ಅವರ ತಕರಾರು. ಅದೇನೇ ಇರಲಿ, ಹೆಚ್ಚಾದವನ್ನು ಇಲಾಖೆ ಹಿಡಿದು ತಂದು ಕೊಟ್ಟಿಗೆಗಳಲ್ಲಿ ಸಾಕುತ್ತದೆ. ದತ್ತು ಕೊಡುವುದು ಇವುಗಳನ್ನೇ.

ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಪ್ರಾಣಿಹಿಂಸೆಯ ಪ್ರಕರಣದಲ್ಲಿ ಶಿಕ್ಷೆಯಾಗಿರಬಾರದು. ಪ್ರತಿ ಕುದುರೆಗೆ ಕನಿಷ್ಠ 400 ಚದರ ಅಡಿ ಅಂಗಳ, ಬಿಸಿಲು ಮಳೆಗೆ ಸೂರು, ಮೇವು, ನೀರು ಇರಬೇಕು. ಪಳಗದ ದೊಡ್ಡ ಕುದುರೆಯಾದರೆ ಬೇಲಿ 6 ಅಡಿ ಎತ್ತರವಿರಬೇಕು, ಮುಳ್ಳುತಂತಿ ಕೂಡದು. ಶುಲ್ಕ ಕನಿಷ್ಠ 125 ಡಾಲರ್. ಗುರುತಿಗಾಗಿ ಪ್ರತಿ ಕುದುರೆಯ ಕುತ್ತಿಗೆಯ ಎಡಭಾಗದಲ್ಲಿ, ಅತಿ ಶೀತ ಮಾಡಿದ ಕಬ್ಬಿಣದಿಂದ ಒತ್ತಿದ ಮುದ್ರೆ ಇರುತ್ತದೆ.

ಮುಖ್ಯ ಸಂಗತಿ ಮುಂದಿದೆ. ಕುದುರೆ ಮನೆಗೆ ಬಂದರೂ ಮೊದಲ ವರ್ಷ ಅದರ ಒಡೆತನ ಸರಕಾರದ್ದೇ. ಮಾರುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ವರ್ಷ ತುಂಬಿದ ಮೇಲೆ, ಕುದುರೆಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಪಶುವೈದ್ಯರಂಥ ಅರ್ಹರೊಬ್ಬರು ಬರೆದುಕೊಟ್ಟರೆ ಮಾತ್ರ ಹಕ್ಕುಪತ್ರ ಸಿಗುತ್ತದೆ. ಜೀವನವಿಡೀ ಅರ್ಜಿ ನೋಡಿದ ಗುಮಾಸ್ತ ನಾನು. ಮೊದಲು ಸಾಕಿ ತೋರಿಸು, ಆಮೇಲೆ ಕಾಗದ ಎನ್ನುವ ಈ ನಿಯಮ ನನಗೆ ಬಹಳ ಹಿಡಿಸಿತು.

ಆದರೆ ಅದೇ ನಿಯಮಕ್ಕೆ ಹಣ ಸೇರಿದಾಗ ಏನಾಯಿತು ನೋಡಿ. ದತ್ತು ಹೆಚ್ಚಲೆಂದು 2019ರಲ್ಲಿ ಇಲಾಖೆ ಪ್ರತಿ ಪ್ರಾಣಿಗೆ 1,000 ಡಾಲರ್ ಪ್ರೋತ್ಸಾಹಧನ ಕೊಡತೊಡಗಿತು. ಒಬ್ಬರು ವರ್ಷಕ್ಕೆ ನಾಲ್ಕು ಪ್ರಾಣಿಗಳನ್ನು ಪಡೆಯಬಹುದಿತ್ತು. ಕೆಲವರು ಮನೆಮಂದಿಯ ಹೆಸರಿನಲ್ಲೆಲ್ಲ ಅರ್ಜಿ ಹಾಕಿ, ಹಣ ಕೈಗೆ ಬಂದ ಕೂಡಲೇ ಕುದುರೆಗಳನ್ನು ಮಾಂಸದ ವ್ಯಾಪಾರಿಗಳು ಬರುವ ಸಂತೆಯಲ್ಲಿ ಹರಾಜು ಹಾಕಿದರು. 2021ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಬಯಲಿಗೆಳೆಯಿತು. 2025ರಲ್ಲಿ ಕೊಲರಾಡೊದ ಫೆಡರಲ್ ನ್ಯಾಯಾಲಯ ಪ್ರೋತ್ಸಾಹಧನದ ಯೋಜನೆಯನ್ನು ರದ್ದು ಮಾಡಿತು. ಯಾವ ಲಾರಿಯನ್ನು ಕಂಡು ಆ ಹೆಣ್ಣುಮಗಳು ಹೋರಾಟಕ್ಕೆ ಇಳಿದರೋ, ಎಪ್ಪತ್ತು ವರ್ಷಗಳ ನಂತರ ಸರಕಾರದ ದುಡ್ಡಿನಲ್ಲೇ ಕುದುರೆಗಳು ಅದೇ ಲಾರಿ ಹತ್ತಿದವು.

ಹೊಸೂರಿನ ಸದಸ್ಯರಿಗೆ ನಾನು ಹೇಳಿದ್ದು ಇಷ್ಟೇ: ಮಗಳು ದತ್ತು ಪಡೆಯಲಿ, ಒಳ್ಳೆಯ ಕೆಲಸ. ಆದರೆ ಅರ್ಜಿಗಿಂತ ಮೊದಲು ಬೇಲಿ ಹಾಕಿಸಲಿ, ಹತ್ತಿರದ ಪಶುವೈದ್ಯರನ್ನು ಕಂಡು ಬರಲಿ. ಮನುಷ್ಯರ ಕೈ ಸೋಕದ ಕುದುರೆ ಹತ್ತಿರ ಬರಲು ವಾರಗಳು, ತಿಂಗಳುಗಳೇ ಬೇಕು. ತಾಳ್ಮೆ ಇಲ್ಲವೆನಿಸಿದರೆ, ಮೊದಲೇ ಪಳಗಿಸಿದ ಕುದುರೆಗಳೂ ಸಿಗುತ್ತವೆ. ಕೆಲವು ಜೈಲುಗಳಲ್ಲಿ ಕೈದಿಗಳೇ ಅವುಗಳನ್ನು ಪಳಗಿಸುತ್ತಾರೆ. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ. ಸರಕಾರ ನೋಡುವುದು ಮೊದಲ ಒಂದು ವರ್ಷ. ಉಳಿದ ವರ್ಷಗಳು ಸಾಕಿದವರ ಮನಸ್ಸಿಗೆ ಬಿಟ್ಟದ್ದು.

ಇತಿ ತಮ್ಮ,
ಕಾರ್ಯದರ್ಶಿ