ಹಿತ್ತಲ ಆಲೂಗಡ್ಡೆ: ಬೀಜ ತರುವ ಮುನ್ನ

ಆಲೂಗಡ್ಡೆ ಎನ್ನಿ, ಉರುಳಕಿಳಂಗು ಎನ್ನಿ, ಪಯ್ಯಂಪಳ್ಳಿಯ ಅಡಿಗೆಮನೆಗೆ ಅದು ಬರುವುದು ಹೆಚ್ಚಾಗಿ ಅಂಗಡಿಯಿಂದಲೇ. ಸುವರ್ಣಗೆಡ್ಡೆ, ಕೆಸು, ಕಾಚಿಲು, ಮರಗೆಣಸು ಎಲ್ಲವೂ ಹಿತ್ತಲಲ್ಲೇ ಬೆಳೆಯುವಾಗ ಇದೊಂದೇಕೆ ಬೆಳೆಯಬಾರದು ಎಂದು ನಿಮಗೆ ಅನ್ನಿಸಿರಬಹುದು. ಬೆಳೆಯಬಹುದು. ಆದರೆ ಮೊದಲ ಮಳೆಗೆ ಹೂತು ಮರೆತುಬಿಡುವ ಗೆಡ್ಡೆ ಇದಲ್ಲ.

ಮೊದಲು ಕಾಲದ ಮಾತು. ಆಲೂಗಡ್ಡೆ ಗೆಡ್ಡೆ ಕಟ್ಟಲು ತಂಪಾದ ರಾತ್ರಿ ಬೇಕು. ರಾತ್ರಿಯ ಉಷ್ಣಾಂಶ 20 ಡಿಗ್ರಿಗಿಂತ ಕೆಳಗಿದ್ದರೆ ಎಲೆ ತಯಾರಿಸಿದ ಆಹಾರ ಚೆನ್ನಾಗಿ ನೆಲದೊಳಕ್ಕೆ ಇಳಿಯುತ್ತದೆ. ಸೆಕೆ ಏರಿದರೆ ಮೇಲೆ ಸೊಪ್ಪೋ ಸೊಪ್ಪು, ಬುಡದಲ್ಲಿ ಗೋಲಿಯಷ್ಟು ಗೆಡ್ಡೆ. ಇಡುಕ್ಕಿಯ ವಟ್ಟವಡ, ಕಾಂತಲ್ಲೂರಿನವರಿಗೆ ಬೆಟ್ಟದ ಎತ್ತರವೇ ಆ ತಂಪು ಕೊಡುತ್ತದೆ. ನಮಗೆ ಅಷ್ಟು ಎತ್ತರವಿಲ್ಲ, ಚಳಿಗಾಲವನ್ನೇ ನಂಬಬೇಕು. ತುಲಾಮಾಸದ ಮಳೆ ಇಳಿಯುವ ಅಕ್ಟೋಬರ್ ಕೊನೆ, ಇಲ್ಲವೇ ನವೆಂಬರ್ ಮೊದಲಲ್ಲಿ ನೆಟ್ಟರೆ ಗೆಡ್ಡೆ ಕಟ್ಟುವ ಹೊತ್ತಿಗೆ ಡಿಸೆಂಬರ್, ಜನವರಿಯ ಚಳಿ ಸಿಗುತ್ತದೆ. ನಂಜ ಭತ್ತದ ಕೊಯ್ಲಾದ ಮೇಲೆ ಗದ್ದೆಯಲ್ಲಿ ಹಾಕೋಣವೆಂದರೆ ತಡವಾಯಿತು. ನೀರು ನಿಲ್ಲದ, ಕಾಫಿಯ ನೆರಳು ಬೀಳದ ಹಿತ್ತಲ ಜಾಗವೇ ಇದಕ್ಕೆ ಸರಿ.

'ಹಾಸನದವರು ಮಳೆಗಾಲದಲ್ಲೇ ಬೆಳೆಯುತ್ತಾರಲ್ಲ?' ಎಂದು ಬಾವಲಿ ದಾಟಿ ಹೋಗಿಬರುವ ನೀವು ಕೇಳಬಹುದು. ಹೌದು, ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬೀಜವನ್ನು ಮೇ, ಜೂನಿನಲ್ಲಿ ನೆಡುವುದು ಅಲ್ಲಿನ ವಾಡಿಕೆ. ನಮ್ಮಷ್ಟು ಮಳೆ ಇಲ್ಲದ ಆ ಸೀಮೆಯಲ್ಲೂ ಅಂಗಮಾರಿ ರೋಗಕ್ಕೆ ಸೋತು ಎಷ್ಟೋ ರೈತರು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದರು. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ಕೊಳೆಸಿ ಕ್ಷಾಮ ತಂದದ್ದೂ ಇದೇ ರೋಗ. ಮೋಡ, ಜಡಿಮಳೆ, ಸದಾ ಒದ್ದೆಯಾದ ಎಲೆ ಅದಕ್ಕೆ ಪ್ರಿಯ. ವಯನಾಡಿನ ಜುಲೈ ತಿಂಗಳಿಗಿಂತ ಒಳ್ಳೆಯ ತವರು ಅದಕ್ಕೆ ಬೇಕೆ?

ಇನ್ನು ಬೀಜ. ಇಲ್ಲಿ ತುಸು ನಿಂತು ಕೇಳಿ. ಊಟಿಯ ಆಲೂಗಡ್ಡೆ ರುಚಿಯೆಂದು ಮೊಳಕೆ ಬಂದ ನಾಲ್ಕನ್ನು ಹಿತ್ತಲಲ್ಲಿ ಊರುವ ಆಸೆ ಸಹಜ. ದಯವಿಟ್ಟು ಊರಬೇಡಿ. 1961ರಲ್ಲಿ ನೀಲಗಿರಿಯ ಆಲೂಗಡ್ಡೆ ಹೊಲಗಳಲ್ಲಿ ಬೇರು ತಿನ್ನುವ ಒಂದು ಸೂಕ್ಷ್ಮ ಜಂತು ಪತ್ತೆಯಾಯಿತು. ಅದರ ಮೊಟ್ಟೆ ತುಂಬಿದ ಚೀಲ ಸಾಸಿವೆಗಿಂತ ಚಿಕ್ಕದು. ಗೆಡ್ಡೆಗೆ ಅಂಟಿದ ಮಣ್ಣಿನಲ್ಲೇ ಪಯಣಿಸುತ್ತದೆ, ಹೊಸ ನೆಲದಲ್ಲಿ ಹಲವಾರು ವರ್ಷ ಸಾಯದೆ ಕಾಯುತ್ತದೆ. ಅಲ್ಲಿನ ಬಿತ್ತನೆ ಗೆಡ್ಡೆ ಹೊರಗೆ ಹೋಗಬಾರದೆಂಬ ನಿರ್ಬಂಧ ಬಂದದ್ದು ಅದಕ್ಕಾಗಿಯೇ. ತಿನ್ನಲು ಯಾವ ಅಡ್ಡಿಯೂ ಇಲ್ಲ. ತೊಳೆದ ನೀರು, ಸಿಪ್ಪೆ ಮಾತ್ರ ಬದನೆ, ಟೊಮೇಟೊ ಪಾತಿಗೆ ಬೇಡ.

ಎರಡನೆಯದು ಶುಂಠಿಯವರಿಗೆ ಹೇಳುವ ಮಾತು. ಹಸಿರಾಗಿದ್ದ ಶುಂಠಿ ಎರಡೇ ದಿನದಲ್ಲಿ ಬಾಡಿ, ಬುಡ ಕೊಳೆತು ನಾರುವುದನ್ನು ನೀವು ಕಂಡಿದ್ದೀರಿ. ಆಲೂಗಡ್ಡೆ, ಟೊಮೇಟೊ, ಬದನೆಗಳನ್ನು ಬಾಡಿಸುವುದೂ ಅದೇ ಬ್ಯಾಕ್ಟೀರಿಯಾ ಬಳಗ. ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ತುಸು ಹೊತ್ತಿನಲ್ಲಿ ಹಾಲಿನ ಎಳೆಯಂತೆ ಇಳಿದರೆ ಅದೇ ರೋಗ. ಅಂಥ ಗಿಡವನ್ನು ಮಣ್ಣು ಸಮೇತ ತೆಗೆಯಿರಿ. ಶುಂಠಿ ಬಾಡಿದ ನೆಲದಲ್ಲಿ ಆಲೂಗಡ್ಡೆ ಬೇಡ. ಶುಂಠಿ ಹಾಕಬೇಕೆಂದಿರುವ ನೆಲದಲ್ಲಿ ಗೊತ್ತಿಲ್ಲದ ಬೀಜವಂತೂ ಬೇಡವೇ ಬೇಡ. ನಾಲ್ಕು ಕಿಲೋ ಗೆಡ್ಡೆಯ ಆಸೆಗೆ ವರ್ಷದ ಶುಂಠಿಯನ್ನು ಪಣವಿಡುವುದು ಯಾವ ಲೆಕ್ಕ? ಕೃಷಿಭವನದಲ್ಲಿ ವಿಚಾರಿಸಿ ಪ್ರಮಾಣಿತ ಬೀಜವನ್ನೇ ತರಿಸಿ. ಶಿಮ್ಲಾದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ಕುಫ್ರಿ ಜ್ಯೋತಿ 1968ರಿಂದ ಹೆಸರು ಮಾಡಿರುವ ತಳಿ. 40ರಿಂದ 50 ಗ್ರಾಂ ತೂಗುವ ಗೆಡ್ಡೆಗಳನ್ನು ಇಡಿಯಾಗಿಯೇ ನೆಡಿ. ಹೋಳು ಮಾಡುವ ಚಾಕು ಒಂದರ ರೋಗವನ್ನು ಹತ್ತಕ್ಕೆ ಹಂಚುತ್ತದೆ.

ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದು ಗೇಣು. ಚೆನ್ನಾಗಿ ಕಳಿತ ಗೊಬ್ಬರ ಕೊಡಿ. ಒಲೆಯ ಬೂದಿಯನ್ನು ಧಾರಾಳವಾಗಿ ಸುರಿಯಬೇಡಿ, ಸಿಪ್ಪೆಗೆ ಕಜ್ಜಿ ಹತ್ತುತ್ತದೆ. ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ನೆಟ್ಟ ಬೀಜಕ್ಕಿಂತ ಮೇಲೆಯೇ ಹೊಸ ಗೆಡ್ಡೆ ಕಟ್ಟುವುದರಿಂದ 25, 30 ದಿನಕ್ಕೊಮ್ಮೆ, ಮತ್ತೆ ಮೂರು ವಾರಕ್ಕೊಮ್ಮೆ ಬುಡಕ್ಕೆ ಮಣ್ಣು ಏರಿಸಬೇಕು. ಬಿಸಿಲು ಕಂಡ ಗೆಡ್ಡೆ ಹಸಿರಾಗುತ್ತದೆ. ಅದರ ಜೊತೆಗೆ ಕೂಡುವ ವಿಷ ಬೇಯಿಸಿದರೂ ಹೋಗದು. ಕಾಡುಹಂದಿಯ ಕಾಟವಿದ್ದರೆ (ಎಲ್ಲಿಲ್ಲ ಹೇಳಿ!) ತೂತು ಮಾಡಿದ ಹಳೆ ಚೀಲಗಳಲ್ಲಿ ಮಣ್ಣು ತುಂಬಿ ಅಂಗಳದಂಚಿನಲ್ಲೇ ಬೆಳೆಯಿರಿ.

ತೊಂಬತ್ತು, ನೂರು ದಿನಕ್ಕೆ ಎಲೆ ಹಳದಿಯಾಗುತ್ತದೆ. ನೀರು ನಿಲ್ಲಿಸಿ, ಸೊಪ್ಪು ಕೊಯ್ದು, ಹತ್ತು ದಿನ ಬಿಡಿ. ಹೆಬ್ಬೆರಳಿಂದ ಉಜ್ಜಿದರೆ ಸಿಪ್ಪೆ ಏಳದಿದ್ದಾಗ ಅಗೆಯಿರಿ. ತೊಳೆಯದೆ ನೆರಳಲ್ಲಿ ಆರಿಸಿ, ಗಾಳಿಯಾಡುವ ಕತ್ತಲೆ ಮೂಲೆಯಲ್ಲಿ ಹರಡಿ. ಗಾಯವಾದದ್ದನ್ನು ಮೊದಲು ಸಾರಿಗೆ ಹಾಕಿ. ಇದರಲ್ಲೇ ಬೀಜ ಎತ್ತಿಡೋಣವೆಂದರೆ ನಮ್ಮ ಬೇಸಗೆಗೆ ಅಕ್ಟೋಬರ್‌ವರೆಗೆ ಅದು ಉಳಿಯದು, ಉಳಿದದ್ದಕ್ಕೂ ನಂಜುರೋಗ ಸೇರಿರುತ್ತದೆ. ವಿಷುವಿನೊಳಗೆ ತಿಂದು ಮುಗಿಸಿ. ಬರುವ ವರ್ಷಕ್ಕೆ ಹೊಸ ಬೀಜ, ಬೇರೆ ಪಾತಿ.