ಬರಿಮೈಗೆ ದಂಡ

ಬೇಸಿಗೆ ಬಂತೆಂದರೆ ಚೀನಾದ ಊರುಗಳಲ್ಲಿ ಗಂಡಸರು ಟೀ ಶರ್ಟನ್ನು ಎದೆವರೆಗೆ ಸುತ್ತಿ ಮೇಲೇರಿಸಿ, ಹೊಟ್ಟೆಗೆ ಗಾಳಿ ಬಿಟ್ಟುಕೊಂಡು ಓಡಾಡ್ತಾರೆ. ಕೆಲವರು ಪೂರ್ತಿ ಬಿಚ್ಚಿಯೇ ಬಿಡ್ತಾರೆ. ಹೀಗೆ ಶರ್ಟ್ ಮೇಲೇರಿಸೋದಕ್ಕೆ ‘ಬೀಜಿಂಗ್ ಬಿಕಿನಿ’ ಅಂತಲೇ ಹೆಸರು ಬಿದ್ದಿದೆ.

2019ರಲ್ಲಿ ತಿಯಾಂಜಿನ್ ನಗರ ಸಾರ್ವಜನಿಕ ಸ್ಥಳಗಳಲ್ಲಿ ಬರಿಮೈಯಲ್ಲಿರುವುದನ್ನು ನಿಷೇಧಿಸಿತು. ಬರಿಮೈಯಲ್ಲಿ ಸೂಪರ್ ಮಾರ್ಕೆಟ್‌ಗೆ ಬಂದ ಒಬ್ಬರಿಗೆ 50 ಯುವಾನ್ ದಂಡ ಬಿತ್ತು. ಅದೇ ವರ್ಷ ಜಿನಾನ್ ನಗರವೂ ಇದಕ್ಕೆ ಕಡಿವಾಣ ಹಾಕಿತು.

ಅಂಗಡಿಯೊಳಗೆ ಅಂಗಿ ಬೇಕು, ಒಪ್ಪೋಣ. ಬಿಲ್ಲಿಂಗ್ ಸಾಲಿನಲ್ಲಿ ನಮ್ಮ ಬೆವರು ಪಕ್ಕದವರಿಗೆ ಅಂಟಬಾರದು. ಆದರೆ ಓಣಿಯ ಮರದ ನೆರಳಲ್ಲಿ ಚೆಸ್ ಆಡುತ್ತಾ ಕೂತ ಅಜ್ಜನನ್ನು ಯಾಕೆ ಎಬ್ಬಿಸಬೇಕು? ಮನೆಯಲ್ಲಿ ಎಸಿ ಇಲ್ಲದವರಿಗೆ ಸಿಗೋದು ಅಷ್ಟೇ ತಂಪು.

ನೆರಳಲ್ಲಿ ಬರಿಮೈಯ ಬೆವರು ಬೇಗ ಆರಿ ದೇಹ ತಣ್ಣಗಾಗುತ್ತೆ. ಸುಡುಬಿಸಿಲಲ್ಲಿ ಮಾತ್ರ ಚರ್ಮಕ್ಕೇ ನೇರ ಪೆಟ್ಟು. ಅಲ್ಲಿ ಸಡಿಲವಾದ ಹತ್ತಿ ಅಂಗಿಯೇ ವಾಸಿ.