ಚೌಡಾಪುರ: ಕಾಯುವವರ ಕೂಡುದಾರಿ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿ, ದೇವಲ ಗಾಣಗಾಪುರದ ದಾರಿ ಕವಲೊಡೆಯುವಲ್ಲಿ ಇರುವ ಚೌಡಾಪುರವು ಅಫಜಲಪುರ ತಾಲ್ಲೂಕಿನ ಗ್ರಾಮಗಳಲ್ಲೊಂದು. ಉತ್ತರಕ್ಕೆ ಆಳಂದ ಸೀಮೆ, ದಕ್ಷಿಣಕ್ಕೆ ಭೀಮಾ ನದಿ, ನದಿಯಾಚೆಗೆ ಜೇವರ್ಗಿ ಕಡೆಯ ಊರುಗಳಿರುವ ಈ ಎರೆಭೂಮಿಯ ನಡುವೆ ಅದರ ಮಹತ್ವವೆಲ್ಲ ದಾರಿಗಳು ಕೂಡುವ ಅದರ ನೆಲೆಯಲ್ಲಿದೆ. ಯಾತ್ರಿಕರು ಬಸ್ಸಿಗಾಗಿ, ಕಬ್ಬಿನ ರೈತರು ಕಟಾವಿನ ಸರದಿಗಾಗಿ ಮತ್ತು ಬಿಲ್ಲಿಗಾಗಿ, ತೊಗರಿ ಬೆಳೆದವರು ದರಕ್ಕಾಗಿ, ದುಡಿಯುವವರು ಕೂಲಿಗಾಗಿ ಕಾಯುವ ಇಂಥ ಕೂಡುದಾರಿಯ ಊರನ್ನು ನೋಡಿದರೆ, ಸುತ್ತಲಿನ ಬದುಕನ್ನು ವ್ಯಾಪಾರದ ದೂರದ ಶಕ್ತಿಗಳು ಹೇಗೆ ರೂಪಿಸುತ್ತಿವೆ ಎಂಬುದು ತಿಳಿಯುತ್ತದೆ. ಯಾರು ಎಷ್ಟು ದಿನ ಕಾಯಬಲ್ಲರು ಎಂಬುದೇ ಈ ಸೀಮೆಯಲ್ಲಿ ಬಡವ ಬಲ್ಲಿದರ ನಡುವಿನ ಗೆರೆಯಾಗಿದೆ.

ಈ ಕೂಡುದಾರಿಗೆ ಬಂದು ಸೇರುವ ಹರಿವುಗಳಲ್ಲಿ ಮೊದಲನೆಯದು ಯಾತ್ರೆಯದು. ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಬಳಿಯಿರುವ ಗಾಣಗಾಪುರವು ದತ್ತಾತ್ರೇಯರ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಯವರು ನೆಲೆಸಿದ್ದ ಕ್ಷೇತ್ರ. ಅಲ್ಲಿನ ನಿರ್ಗುಣ ಪಾದುಕೆಗಳ ದರ್ಶನಕ್ಕೆ ಕರ್ನಾಟಕದವರಷ್ಟೇ ಅಲ್ಲದೆ ಮಹಾರಾಷ್ಟ್ರದಿಂದಲೂ ಅಪಾರ ಸಂಖ್ಯೆಯ ಜನ ಬರುತ್ತಾರೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗ 1871ರಲ್ಲಿ ರಾಯಚೂರನ್ನು ತಲುಪಿ ಮದ್ರಾಸಿನ ಕಡೆಯ ಹಳಿಗಳನ್ನು ಕೂಡಿಕೊಂಡಾಗ, ಅಂದು ನಿಜಾಮರ ಆಳ್ವಿಕೆಯಲ್ಲಿದ್ದ ಈ ಪ್ರದೇಶ ಮುಂಬೈಗೆ ನೇರವಾಗಿ ತೆರೆದುಕೊಂಡಿತು. ಆ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣಕ್ಕೂ ಕ್ಷೇತ್ರಕ್ಕೂ ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದ್ದು, ರೈಲು ಇಳಿದವರು ಉಳಿದ ದಾರಿಯನ್ನು ಬಸ್ಸು, ಜೀಪು, ಟಂಟಂ ಎಂಬ ಆಟೊಗಳಲ್ಲಿ ಸವೆಸಬೇಕು. ರೈಲು ತಂದ ಜನರನ್ನು ರಸ್ತೆಯ ಊರುಗಳು ಹಂಚಿಕೊಳ್ಳುವ ಈ ಏರ್ಪಾಡಿನಿಂದಲೇ ಇಂಥ ಕ್ರಾಸುಗಳಲ್ಲಿ ಚಹಾದ ಅಂಗಡಿ, ಖಾನಾವಳಿ, ಹೂವು ಕಾಯಿಯ ಮಾರಾಟ, ಪಂಕ್ಚರ್ ತಿದ್ದುವ ಕಸಬು ಬೇರೂರುತ್ತವೆ.

ಈ ವ್ಯಾಪಾರದ ಪಂಚಾಂಗವೇ ಬೇರೆ. ಗುರುವಾರ, ಹುಣ್ಣಿಮೆ, ಗುರುಪೂರ್ಣಿಮೆ, ದತ್ತ ಜಯಂತಿಗಳಂದು ರಸ್ತೆ ತುಂಬುತ್ತದೆ, ಉಳಿದ ದಿನಗಳಲ್ಲಿ ಅದೇ ಅಂಗಡಿ ಸುತ್ತಲಿನ ಹಳ್ಳಿಗರ ಉದ್ರಿಯ ಮೇಲೆ, ಅಂದರೆ ಬೆಳೆ ಬಂದಾಗ ತೀರಿಸುವ ಸಾಲದ ಮೇಲೆ ನಡೆಯುತ್ತದೆ. ಯಾತ್ರಿಕನದು ರೋಖು, ಊರಿನವನದು ಉದ್ರಿ. ಒಂದರ ಲಾಭದಲ್ಲಿ ಇನ್ನೊಂದನ್ನು ತಾಳಿಕೊಳ್ಳುವ ಅಂಗಡಿಕಾರನು ಯಾವ ಬ್ಯಾಂಕಿನ ಲೆಕ್ಕದಲ್ಲೂ ಕಾಣದ ಸಣ್ಣ ಸಾಲದಾತನೇ ಆಗಿರುತ್ತಾನೆ. ಇದೇ ಗಾಣಗಾಪುರದಲ್ಲಿ ಸಿರಿವಂತ ಭಕ್ತರೂ ಜೋಳಿಗೆ ಹಿಡಿದು ಮಧುಕರಿ ಎಂಬ ಭಿಕ್ಷೆ ಬೇಡುವ ವ್ರತವಿರುವುದನ್ನು ಇಲ್ಲಿ ನೆನೆಯಬೇಕು: ಹಣದ ಅಂತಸ್ತನ್ನು ಕ್ಷಣಕಾಲ ಕೆಳಗಿಡಿಸುವ ಆಚರಣೆಯೊಂದು, ಹಣದ ಹರಿವಿನಿಂದಲೇ ಬದುಕುವ ರಸ್ತೆಯೊಂದನ್ನು ಶತಮಾನಗಳಿಂದ ಪೋಷಿಸಿದೆ.

ಎರಡನೆಯ ಹರಿವು ತೊಗರಿಯದು. ರಾಜ್ಯದಲ್ಲಿ ಅತಿ ಹೆಚ್ಚು ತೊಗರಿ ಬೆಳೆಯುವ ಕಲಬುರಗಿ ಜಿಲ್ಲೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ, ಅಂದರೆ ನಿರ್ದಿಷ್ಟ ನೆಲದ ಗುಣದಿಂದ ಹೆಸರು ಪಡೆದ ಸರಕಿಗೆ ಕಾನೂನು ನೀಡುವ ಗುರುತು, ದೊರೆಯಿತು. ಜೂನ್–ಜುಲೈಯಲ್ಲಿ ಬಿತ್ತಿ ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡುವ ಈ ಬೆಳೆಗೆ ನೆಟೆ ರೋಗ, ಅಕಾಲದ ಮಳೆ, ಕಾಯಿಕೊರಕಗಳ ಭಯ ಒಂದಾದರೆ, ರಾಶಿಯಾದ ಮೇಲೆ ದರದ ಭಯ ಇನ್ನೊಂದು. ಹಳ್ಳಿಯ ಖರೀದಿದಾರನು ಚೀಲಕ್ಕೆ ಕೈಯಿಟ್ಟು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ಹರಡಿ ಊದಿ, ಒಂದೆರಡನ್ನು ಹಲ್ಲಿನಲ್ಲಿ ಕಚ್ಚಿ ಹಸಿ ಎಷ್ಟಿದೆಯೆಂದು ಅಂದಾಜಿಸುತ್ತಾನೆ. ಚೆನ್ನಾಗಿ ಒಣಗಿದ ಕಾಳು ಹಲ್ಲಿಗೆ ಟಕ್ಕನೆ ಒಡೆಯುತ್ತದೆ, ಹಸಿ ಕಾಳು ಮೆತ್ತಗೆ ಅದುಮಿಕೊಳ್ಳುತ್ತದೆ, ಆ ಒಂದು ಕಚ್ಚಿನ ಮೇಲೆ ಕ್ವಿಂಟಲ್ಲಿನ ದರ ಇಳಿಯುತ್ತದೆ. ಕಲಬುರಗಿಯ ಗಂಜ್‌ಗೆ, ಅಂದರೆ ಕೃಷಿ ಮಾರುಕಟ್ಟೆಗೆ, ಒಯ್ದರೆ ಬಾಡಿಗೆ, ಹಮಾಲಿ ಖರ್ಚಾದರೂ ಹತ್ತು ಜನ ಖರೀದಿದಾರರ ಪೈಪೋಟಿ ಸಿಗುತ್ತದೆ. ಆದರೆ ಬಿತ್ತನೆಗೆ ಮುಂಗಡ ಕೊಟ್ಟ ಅಡತಿ ಅಂಗಡಿಗೇ, ಅಂದರೆ ದಲಾಲಿ ಮೇಲೆ ಮಾಲು ಮಾರಿಸಿಕೊಡುವವನಿಗೇ, ಮಾಲು ಹಾಕಬೇಕಾದ ರೈತನಿಗೆ ಆ ಪೈಪೋಟಿಯ ಪೂರ್ಣ ಫಲ ಸಿಗುವುದು ಕಷ್ಟ.

ಆ ಹಲ್ಲಿನ ಪರೀಕ್ಷೆಗೆ ಮೊದಲೇ ದರದ ಬಹುಪಾಲು ಬೇರೆಡೆ ನಿರ್ಧಾರವಾಗಿರುತ್ತದೆ. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿಯ ಹತ್ತಿರ ಹೋದಾಗ ನಗರಗಳ ಅಡುಗೆಮನೆ ಕಂಗಾಲಾಯಿತು. 2016ರಲ್ಲಿ ಭಾರತ ಮೊಜಾಂಬಿಕ್ ದೇಶದೊಡನೆ ಬೇಳೆಕಾಳು ಆಮದಿನ ಒಪ್ಪಂದ ಮಾಡಿಕೊಂಡಿತು. ಹೆಚ್ಚಿದ ದರ ನೋಡಿ ರೈತರೂ ಹೆಚ್ಚು ಬಿತ್ತಿದ್ದರಿಂದ 2016–17ರ ಹಂಗಾಮಿನಲ್ಲಿ ಬೆಳೆ ಸುರಿಯಿತು, ದರವು ಕ್ವಿಂಟಲ್ಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. 2025–26ಕ್ಕೆ ಕ್ವಿಂಟಲ್ಲಿಗೆ 8,000 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ, ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕಾದ ತೊಗರಿಗೆ 2021ರಿಂದ ಬಂದರುಗಳು ತೆರೆದೇ ಇವೆ. ಬಡ ಗ್ರಾಹಕನಿಗೆ ಬೇಳೆ ಅಗ್ಗವಾಗಿ ಸಿಗಬೇಕೆಂಬುದು ನ್ಯಾಯವಾದ ಬಯಕೆ. ಆದರೆ ಅದರ ವೆಚ್ಚವನ್ನು ಸರ್ಕಾರದ ಬೊಕ್ಕಸ ಹೊರುವ ಬದಲು ಅಫಜಲಪುರದ ಒಣಬೇಸಾಯಗಾರ ಹೊರಬೇಕಾಗಿರುವುದು ಅನ್ಯಾಯ.

ಈ ಏರಿಳಿತದಿಂದ ಬೇಸತ್ತವರಿಗೆ, ನೀರಿನ ಆಸರೆಯಿದ್ದರೆ, ಕಬ್ಬು ಭರವಸೆಯಾಗಿ ಕಾಣುತ್ತದೆ. ಅಫಜಲಪುರ ತಾಲ್ಲೂಕಿನ ಹವಳಗಾ ಮತ್ತು ಚಿಣಮಗೇರಾ, ಆಳಂದ ತಾಲ್ಲೂಕಿನ ಭೂಸನೂರ, ಜೇವರ್ಗಿ ಕಡೆಯ ಮಳ್ಳಿ–ನಾಗರಹಳ್ಳಿಗಳ ಸಕ್ಕರೆ ಕಾರ್ಖಾನೆಗಳು ಸುತ್ತಲಿನ ತಾಲ್ಲೂಕುಗಳ ಬೆಳೆ ಪದ್ಧತಿಯನ್ನೇ ಬದಲಿಸಿವೆ. ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿ ವರ್ಷ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ, ನಿಗದಿಪಡಿಸುತ್ತದೆ. 2025–26ರ ಹಂಗಾಮಿಗೆ ಅದು ಶೇ 10.25ರ ಇಳುವರಿಗೆ ಕ್ವಿಂಟಲ್ಲಿಗೆ 355 ರೂಪಾಯಿ. ಇಲ್ಲಿ ಇಳುವರಿ ಎಂದರೆ ಹೊಲದ ಫಸಲಲ್ಲ, ನೂರು ಕಿಲೋ ಕಬ್ಬು ನುರಿಸಿದಾಗ ಎಷ್ಟು ಕಿಲೋ ಸಕ್ಕರೆ ಬರುತ್ತದೆ ಎಂಬ ಪ್ರಮಾಣ. ಅದನ್ನು ಅಳೆಯುವ ಪ್ರಯೋಗಾಲಯ ಕಾರ್ಖಾನೆಯೊಳಗೇ ಇರುವುದರಿಂದ ತೂಕ ಮತ್ತು ಇಳುವರಿಗಳ ಬಗೆಗಿನ ಗುಮಾನಿ ರಾಜ್ಯದ ಕಬ್ಬು ಹೋರಾಟಗಳ ಹಿಂದೆ ಇದ್ದೇ ಇದೆ.

ಕಬ್ಬು ಬೆಳೆದವನು ಎರಡು ಸಲ ಕಾಯುತ್ತಾನೆ. ಕಟಾವಿನ ಸರದಿ ತಡವಾದರೆ ನಿಂತ ಕಬ್ಬು ಹೂಬಿಟ್ಟು ಒಳಗೆ ಬೆಂಡಾಗುತ್ತದೆ. ಕಡಿದ ಕಬ್ಬು ಫಡದಲ್ಲೇ, ಅಂದರೆ ಕಬ್ಬಿನ ಹೊಲದಲ್ಲೇ, ಉಳಿದರೆ ಗಂಟೆ ಗಂಟೆಗೂ ತೂಕ ಕಳೆದುಕೊಳ್ಳುತ್ತದೆ. ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಹೇರಿನ ಅಂಚಿನಿಂದ ಸೋಗೆ ಜೋತಾಡುತ್ತ, ಹಿಂದಿನ ವಾಹನಗಳಿಗೆ ದಾರಿ ಕಾಣದಂತೆ ಸಾಗುವಾಗ, ಆ ಚಾಲಕರ ಅವಸರದ ಹಿಂದೆ ಇರುವುದು ಈ ಒಣಗುವ ಕಬ್ಬಿನ ಲೆಕ್ಕ. ಎರಡನೆಯ ಕಾಯುವಿಕೆ ಬಿಲ್ಲಿನದು. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವಾರ್ಷಿಕ ಶೇ 15ರ ಬಡ್ಡಿ ಸೇರಬೇಕು. ಆದರೆ ಆ ಬಡ್ಡಿಯನ್ನು ಕೇಳಿ ಪಡೆಯುವ ಶಕ್ತಿ ಮುಂದಿನ ವರ್ಷವೂ ಅದೇ ಕಾರ್ಖಾನೆಗೆ ಕಬ್ಬು ಕಳಿಸಬೇಕಾದ ರೈತನಿಗೆ ಎಲ್ಲಿಂದ ಬರಬೇಕು? ಸಕ್ಕರೆಯ ಕನಿಷ್ಠ ಮಾರಾಟ ದರ 2019ರಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತಿದ್ದು ಎಫ್‌ಆರ್‌ಪಿ ಮಾತ್ರ ಏರುತ್ತಿದೆಯೆಂಬುದು ಬಿಲ್ಲು ತಡವಾಗುವುದಕ್ಕೆ ಉದ್ಯಮ ಮುಂದಿಡುವ ವಾದ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ತಯಾರಿಸಲು ಕೇಂದ್ರ ನಿರ್ಬಂಧ ಹೇರಿ ಕಾರ್ಖಾನೆಗಳ ಆದಾಯದ ಇನ್ನೊಂದು ದಾರಿ ಕಿರಿದಾದಾಗ ಆ ವಾದಕ್ಕೆ ಬಲವೂ ಬಂದಿತು. ವಾದದಲ್ಲಿ ಹುರುಳಿರಬಹುದು, ಆದರೆ ಉದ್ಯಮಕ್ಕೆ ಬ್ಯಾಂಕು ಸಾಲವಿದೆ, ರೈತನಿಗೆ ಕಿರಾಣಿ ಅಂಗಡಿಯ ಉದ್ರಿಯಿದೆ, ಇವೆರಡೂ ಒಂದೇ ಬಗೆಯ ತಾಳ್ಮೆಯನ್ನು ಕೊಡಲಾರವು.

ಇನ್ನು ಕಡಿಯುವವರ ಸ್ಥಿತಿ ಇದಕ್ಕೂ ಕೆಳಗಿನದು. ಮುಕಾದಮನೆಂಬ ಮೇಸ್ತ್ರಿಯು ಮಳೆಗಾಲದಲ್ಲೇ ಮುಂಗಡ ಕೊಟ್ಟು ಗಂಡ ಹೆಂಡತಿಯರ ಜೋಡಿಗಳನ್ನು ಟೋಳಿಗೆ, ಅಂದರೆ ಕಟಾವಿನ ತಂಡಕ್ಕೆ, ಸೇರಿಸಿಕೊಳ್ಳುತ್ತಾನೆ. ಮರಾಠವಾಡದಿಂದಲೂ ಲಂಬಾಣಿ ತಾಂಡಾಗಳಿಂದಲೂ ಬರುವ ಈ ಕುಟುಂಬಗಳು ಫಡದ ಅಂಚಿನ ಗುಡಿಸಲುಗಳಲ್ಲಿ ಚಳಿಗಾಲ ಕಳೆಯುತ್ತವೆ, ಮಕ್ಕಳ ಶಾಲೆ ನಡುವೆಯೇ ನಿಲ್ಲುತ್ತದೆ. ಅದೇ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾ ಮತ್ತು ಹಳ್ಳಿಗಳಿಂದ ಜನ ಮುಂಬೈ, ಪುಣೆ, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಕೆಲಸಕ್ಕಾಗಿ ಬರುವವರೂ ಕೆಲಸಕ್ಕಾಗಿ ಹೋಗುವವರೂ ಒಂದೇ ಸೀಮೆಯಲ್ಲಿ ಎದುರುಬದುರಾಗುವುದಕ್ಕೆ ಕಾರಣ ಕೂಲಿಯ ಮೊತ್ತಕ್ಕಿಂತ ಹೆಚ್ಚಾಗಿ ಮುಂಗಡ: ಕೈಗೆ ಮೊದಲೇ ಬಂದ ಹಣ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ, ದುಡಿಮೆ ಆಮೇಲೆ ಅದನ್ನು ಬೆನ್ನಟ್ಟುತ್ತದೆ.

ಈ ಕಬ್ಬಿನ ಬದುಕಿಗೆ ತಳಹದಿಯಾದ ಭೀಮಾ ನದಿಯ ಕೀಲಿಯೂ ಊರಿನ ಕೈಯಲ್ಲಿಲ್ಲ. ಸೊನ್ನ ಬ್ಯಾರೇಜಿನ ನೀರು ಹೊಲಗಳಿಗೆ ಆಸರೆಯಾದರೂ, ಅದು ಬಹುಮಟ್ಟಿಗೆ ಮೇಲ್ದಂಡೆಯಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯ ಬಿಡುವ ನೀರನ್ನೇ ನೆಚ್ಚಿಕೊಂಡಿದೆ. ಬೇಸಿಗೆಯಲ್ಲಿ ಪಾತ್ರ ಬತ್ತುತ್ತದೆ, 2020ರ ಅಕ್ಟೋಬರಿನಂತೆ ಗೇಟುಗಳು ಒಮ್ಮೆಲೇ ತೆರೆದಾಗ ನದಿತೀರದ ಬೆಳೆ ಮುಳುಗುತ್ತದೆ.

ಈಚಿನ ವರ್ಷಗಳ ದೊಡ್ಡ ಪಲ್ಲಟ ಕಂಡಿರುವುದು ಹೆಂಗಸರ ಬದುಕಿನಲ್ಲಿ. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನ ಪ್ರಯಾಣ ಮಹಿಳೆಯರಿಗೆ ಉಚಿತವಾಯಿತು, ಅದೇ ವರ್ಷ ಗೃಹಲಕ್ಷ್ಮಿ ಯೋಜನೆಯಡಿ ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿತು. ಬಸ್ ಚಾರ್ಜಿನ ಕಾರಣಕ್ಕೆ ಹಳ್ಳಿಯಲ್ಲೇ ಕೊಳ್ಳಬೇಕಾಗಿದ್ದ ಹೆಂಗಸು ಕಲಬುರಗಿಯ ಪೇಟೆಯವರೆಗೂ ಹೋಗಿ ದರ ವಿಚಾರಿಸಬಲ್ಲಳು. ಅವಳನ್ನೇ ನಂಬಿದ್ದ ಟಂಟಂ ಚಾಲಕನ ಸೀಟು ಖಾಲಿಯಾದುದು ಅದರ ಇನ್ನೊಂದು ಮುಖ. ಸ್ವಸಹಾಯ ಸಂಘಗಳ ಹೆಂಗಸರು ಬಡಿದ ಜೋಳದ ರೊಟ್ಟಿ ಈಗ ‘ಕಲಬುರಗಿ ರೊಟ್ಟಿ’ ಎಂಬ ಬ್ರ್ಯಾಂಡಿನಲ್ಲಿ ಮಾರಾಟವಾಗುತ್ತಿರುವುದು, ಮನೆಯೊಳಗೆ ಬೆಲೆಯೇ ಇಲ್ಲದಿದ್ದ ದುಡಿಮೆಗೆ ದರ ಬಂದುದರ ಗುರುತು.

ಕಾಯುವ ಶಕ್ತಿಯನ್ನು ಸಣ್ಣ ರೈತನಿಗೂ ಒದಗಿಸುವ ಉಪಾಯ ಹೊಸದೇನೂ ಅಲ್ಲ. ಮಾಲನ್ನು ಉಗ್ರಾಣದಲ್ಲಿಟ್ಟು ಅದರ ರಸೀದಿಯ ಮೇಲೆ ಸಾಲ ಪಡೆದು, ದರ ಏರಿದಾಗ ಮಾರುವ ಅಡಮಾನ ಸಾಲದ ವ್ಯವಸ್ಥೆ ಕೃಷಿ ಮಾರುಕಟ್ಟೆ ಸಮಿತಿಗಳಲ್ಲಿದೆ. ಇಂಥ ರಸೀದಿಗಳಿಗೆ 2007ರ ಉಗ್ರಾಣ ಕಾಯ್ದೆ ಕಾನೂನಿನ ಬಲವನ್ನೂ ಕೊಟ್ಟಿದೆ. ಆದರೆ ಐದು ಚೀಲ ತೊಗರಿಯಿರುವ ರೈತ ಅವನ್ನು ಬಾಡಿಗೆ ವಾಹನದಲ್ಲಿ ಹೇರಿಕೊಂಡು ನಗರಕ್ಕೆ ಹೋಗಿ, ಕಾಗದಪತ್ರ ಮುಗಿಸಿ, ಮತ್ತೆ ಮಾರಲು ಹೋಗುವುದೆಂದರೆ ಸಾಲದ ಲಾಭ ದಾರಿಯಲ್ಲೇ ತೀರುತ್ತದೆ. ಮೂರು ದಿಕ್ಕಿನ ಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರುಗಳು ಸುಲಭವಾಗಿ ತಲುಪುವ ಚೌಡಾಪುರದಂಥ ಕೂಡುದಾರಿಗಳಲ್ಲೇ ಸಹಕಾರಿ ಉಗ್ರಾಣ, ತೇವಾಂಶ ಅಳೆಯುವ ಯಂತ್ರ, ಸಾರ್ವಜನಿಕ ತೂಕದ ಕಟ್ಟೆ ಮತ್ತು ರಸೀದಿ ನೋಡಿ ಅಂದೇ ಹಣ ಕೊಡುವ ಬ್ಯಾಂಕಿನ ಕಿಟಕಿ ಒಟ್ಟಿಗೆ ಇರಬೇಕು. ಜನವರಿಯ ರಾಶಿಯನ್ನು ಏಪ್ರಿಲ್‌ವರೆಗೆ ಇಟ್ಟುಕೊಳ್ಳಲು ಐದು ಚೀಲದವನಿಗೂ ಆಗ ಸಾಧ್ಯವಾಗುತ್ತದೆ.